1600 ಮೀಟರ್: ಮೂರನೇ ಸುತ್ತಿಗೆ ಕಾಲು ಏಳೋದೇ ಇಲ್ಲ

ತೊಗರಿ_ಹುಡುಗ (ಕಲಬುರಗಿ):
ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. 1600 ಮೀಟರ್, ಆರೂವರೆ ನಿಮಿಷದೊಳಗೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುತ್ತೇನೆ. ಮೊದಲ ಸುತ್ತು 72 ಸೆಕೆಂಡ್. ಮೂರನೇ ಸುತ್ತಿಗೆ ತೊಡೆ ಉರಿದು ಕಾಲು ಭಾರ ಆಗುತ್ತವೆ. ಸ್ಕ್ವಾಟ್ ಜಾಸ್ತಿ ಮಾಡಿದೆ, ನೂರು ಮೀಟರ್ ಸ್ಪ್ರಿಂಟ್ ಹೊಡೆದೆ. ಏನೂ ಫರಕ್ ಬಿದ್ದಿಲ್ಲ.

ಕೋಟೆ_ಓಟ (ಬೀದರ್):
ತಮ್ಮಾ, ಕಾಲಿನ ಬಲ ಸಾಕಷ್ಟಿದೆ. ತೊಂದರೆ ಆ 72ರಲ್ಲಿದೆ. ಆರೂವರೆ ನಿಮಿಷವನ್ನು ನಾಲ್ಕು ಸುತ್ತಿಗೆ ಹಂಚಿದರೆ ಸುತ್ತಿಗೆ 97 ಸೆಕೆಂಡ್ ಚಿಲ್ಲರೆ ಸಿಗುತ್ತದೆ.

ಕೋಳಿ ಕೊಯ್ದಾಗ ನೋಡಿರಬೇಕಲ್ವಾ? ತೊಡೆ ಮಾಂಸ ಕೆಂಪು, ಎದೆ ಬಿಳಿ. ದಿನವಿಡೀ ನಿಂತು ಓಡಾಡುವ ಕಾಲಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಜಾಸ್ತಿ. ಅದೇ ಆ ಕೆಂಪು. ನಮ್ಮಲ್ಲಿ ಎರಡೂ ಬಗೆಯ ಎಳೆಗಳು ಒಂದೇ ಸ್ನಾಯುವಿನಲ್ಲಿ ಬೆರೆತಿರುತ್ತವೆ. ಟೈಪ್ 1 ನಿಧಾನ, ಬೇಗ ದಣಿಯಲ್ಲ. ಟೈಪ್ 2ಎಕ್ಸ್ ಜೋರು, ಆದರೆ ಬೇಗ ಸೋಲುತ್ತದೆ. 2ಎ ಇವೆರಡರ ನಡುವೆ.

ಕೆಲಸಕ್ಕೆ ಮೊದಲು ಇಳಿಯುವುದು ಟೈಪ್ 1. ವೇಗ ಏರಿದಂತೆ 2ಎ, ಕೊನೆಗೆ 2ಎಕ್ಸ್. ನೀನು ಮೊದಲ ಸುತ್ತಲ್ಲೇ ಎಲ್ಲರನ್ನೂ ಕರೆದುಬಿಟ್ಟೆ. ಜೋರು ಎಳೆಗಳು ಗ್ಲೈಕೋಜೆನ್ ಅನ್ನು, ಅಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯನ್ನು, ಆಮ್ಲಜನಕಕ್ಕೆ ಕಾಯದೆ ಒಡೆಯುತ್ತವೆ. ಸ್ನಾಯುವಿನಲ್ಲಿ ಆಮ್ಲೀಯತೆ ಏರುತ್ತದೆ, ಶಕ್ತಿ ಖರ್ಚಾದಾಗ ಉಳಿಯುವ ಫಾಸ್ಫೇಟ್ ಕೂಡ ತುಂಬಿಕೊಂಡು ಎಳೆಗಳ ಹಿಡಿತ ಸಡಿಲವಾಗುತ್ತದೆ.

ಹಳೇ_ಪೈಲ್ವಾನ್ (ಯಾದಗಿರಿ):
ಅದೆಲ್ಲ ಲ್ಯಾಕ್ಟಿಕ್ ಆಸಿಡ್. ಎಣ್ಣೆ ಹಚ್ಚಿ ತಿಕ್ಕಿದರೆ ಇಳಿಯುತ್ತದೆ.

ಕೋಟೆ_ಓಟ:
ತಿಕ್ಕಿದರೆ ಹಿತ ಅನ್ನಿಸುತ್ತದೆ, ನಿಜ ಕಾಕಾ. ಆದರೆ ನೀವಂದ ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿ ಲ್ಯಾಕ್ಟೇಟ್ ರೂಪದಲ್ಲಿರುತ್ತದೆ, ಅದು ಕಸ ಅಲ್ಲ, ಟೈಪ್ 1 ಎಳೆಗಳು, ಹೃದಯ ಅದನ್ನೇ ಇಂಧನ ಮಾಡಿಕೊಳ್ಳುತ್ತವೆ. ಓಟ ಮುಗಿದು ಒಂದೆರಡು ಗಂಟೆಯೊಳಗೆ ಅದು ತಾನಾಗಿ ಇಳಿಯುತ್ತದೆ. ಮರುದಿನದ ನೋವಿಗೆ ಅದು ಕಾರಣವಲ್ಲ.

ತೊಗರಿ_ಹುಡುಗ:
ಹಾಗಾದರೆ ಸ್ಕ್ವಾಟ್ ಬಿಡಬೇಕಾ ಅಣ್ಣ?

ಕೋಟೆ_ಓಟ:
ಬಿಡಬೇಡ, ವಾರಕ್ಕೆ ಎರಡು ಸಲ ಸಾಕು. ಮೂರ್ನಾಲ್ಕು ದಿನ ಮಾತಾಡಿಕೊಂಡೇ ಓಡಬಹುದಾದಷ್ಟು ನಿಧಾನ, ಅರ್ಧ ಗಂಟೆ ಓಡು. ಎಳೆಗಳಲ್ಲಿ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಹೆಚ್ಚುತ್ತದೆ, ಸುತ್ತಲೂ ಸಣ್ಣ ರಕ್ತನಾಳ ಬೆಳೆಯುತ್ತವೆ. ಒಂದು ದಿನ 400 ಮೀಟರ್, 95 ಸೆಕೆಂಡಿಗೆ, ನಡುವೆ ಎರಡು ನಿಮಿಷ ನಡಿಗೆ, ಐದಾರು ಸಲ. ಇಂಥ ತಾಲೀಮಿಗೆ 2ಎಕ್ಸ್ ಎಳೆಗಳು ನಿಧಾನವಾಗಿ 2ಎ ಕಡೆ ವಾಲುತ್ತವೆ. ಕೆಲವು ವಾರ ಬೇಕು, ಅವಸರ ಬೇಡ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಗೊತ್ತಲ್ಲ, ಆರು ಗಂಟೆಗೆ ಮೊದಲೇ ಮೈದಾನದಲ್ಲಿರು. ಮೊದಲ ಸುತ್ತು 95ಕ್ಕಿಂತ ಬೇಗ ಮುಗಿದರೆ ಅವತ್ತಿನ ಓಟ ಲೆಕ್ಕಕ್ಕಿಲ್ಲ ಅಂದುಕೊ.