ಆಗುಂಬೆ ಘಾಟಿಯಲ್ಲಿ ಮಾತ್ರ ಕೇಳುವ ನಾಕಿಂಗ್ ಸದ್ದು: ಎಲ್ಲಿಂದ ಹುಡುಕಲಿ?

ಪ್ರಶ್ನೆ, ಉಡುಪಿಯಿಂದ:
ನನ್ನದು ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಕ್ಕೇ ಚಿಮ್ಮಿಸುವ ವ್ಯವಸ್ಥೆ) ಇರುವ 1.2 ಲೀಟರಿನ ಟರ್ಬೊ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಆರು ತಿಂಗಳ ಹಿಂದೆ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಮ್ಯಾಪ್ (ಸೆಟ್ಟಿಂಗ್) ಬದಲಿಸುವ ರಿಮ್ಯಾಪ್ ಮಾಡಿಸಿ, ಟರ್ಬೊದಿಂದ ಹೊಗೆ ಒಯ್ಯುವ ಕೊಳವೆಯಾದ ಡೌನ್‌ಪೈಪ್ ಬದಲಾಯಿಸಿದ್ದೇನೆ. ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗಿ ಬರುವಾಗ ಯಾವ ತೊಂದರೆಯೂ ಇಲ್ಲ. ಆದರೆ ಸೋಮೇಶ್ವರ ದಾಟಿ ಘಾಟಿ ಹತ್ತುವಾಗ, ತಿರುವು ಮುಗಿಸಿ ಮೂರನೇ ಗೇರಿನಲ್ಲಿ 1,800ರಿಂದ 2,500 ಆರ್‌ಪಿಎಂ ನಡುವೆ ಆಕ್ಸಿಲರೇಟರ್ ಒತ್ತಿದರೆ, ಡಬ್ಬಿಯೊಳಗೆ ಹರಳು ಅಲ್ಲಾಡಿಸಿದಂಥ ಸದ್ದು ಬರುತ್ತದೆ. ನಾಕಿಂಗನ್ನು ಹೆಚ್ಚು ತಡೆಯುವ 95 ಆಕ್ಟೇನ್ ಪೆಟ್ರೋಲ್ ಹಾಕಿದಾಗ ಕಡಿಮೆಯಾಯಿತು, ನಿಲ್ಲಲಿಲ್ಲ. ಚೆಕ್ ಎಂಜಿನ್ ದೀಪ ಹೊತ್ತಿಲ್ಲ. ಗ್ಯಾರೇಜಿನವರು ಎಂಜಿನ್ ಬಿಚ್ಚಲೇಬೇಕು ಎನ್ನುತ್ತಾರೆ. ಅದಕ್ಕೆ ಮೊದಲು ಏನು ನೋಡಬೇಕು?

ಉತ್ತರ, ಮಂಗಳೂರಿನಿಂದ:
ದಯವಿಟ್ಟು ಈಗಲೇ ಬಿಚ್ಚಿಸಬೇಡಿ; ಕಾರಣ ಸಿಗುವವರೆಗೆ ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಲೂ ಬೇಡಿ. ಪ್ಲಗ್ ಕಿಡಿ ಕೊಟ್ಟ ಮೇಲೆ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿಯುವುದೇ ನಾಕಿಂಗ್. ಬ್ಲಾಕಿಗೆ ಬಿಗಿದಿರುವ ನಾಕ್ ಸೆನ್ಸರ್ ಆ ಕಂಪನವನ್ನು ಹಿಡಿದ ಕೂಡಲೇ ಇಸಿಯು ಕಿಡಿಯನ್ನು ತಡಮಾಡುತ್ತದೆ. ದೀಪ ಹೊತ್ತದಿರುವುದಕ್ಕೆ ಕಾರಣ ಇದೇ ಇರಬಹುದು. ದೀಪವಿಲ್ಲವೆಂದು ನೆಮ್ಮದಿಯಾಗಿರಲು ಸಾಧ್ಯವಿಲ್ಲ.

ಇಸಿಯುವಿನ ಅಂಕಿಗಳನ್ನು ಓದುವ ಒಬಿಡಿ ಉಪಕರಣ ಜೋಡಿಸಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಅದೇ ಘಾಟಿಯಲ್ಲಿ ಆ ಅಂಕಿಗಳ ದಾಖಲೆ (ಲಾಗ್) ತೆಗೆಯಿರಿ. ಪ್ರತಿ ಸಿಲಿಂಡರಿನ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿಯುತ್ತಿದೆ, ಒಳಹೋಗುವ ಗಾಳಿಯ ಉಷ್ಣತೆ ಎಷ್ಟು, ಇಸಿಯು ಕೇಳಿದ ಬೂಸ್ಟಿಗೂ (ಟರ್ಬೊ ತುಂಬುವ ಗಾಳಿಯ ಒತ್ತಡ) ಸಿಕ್ಕ ಬೂಸ್ಟಿಗೂ ಅಂತರವೆಷ್ಟು ಎಂಬುದು ಮುಖ್ಯ. ನಾಲ್ಕೂ ಸಿಲಿಂಡರುಗಳ ಕಿಡಿ ಒಟ್ಟಿಗೆ ಹಿಂದೆ ಸರಿದರೆ ಇಂಧನ, ಶಾಖ ಅಥವಾ ಮ್ಯಾಪಿನ ಮೇಲೆ ಅನುಮಾನ ಪಡಬೇಕು. ಒಂದೇ ಸಿಲಿಂಡರಿನದು ಸರಿದರೆ ಅದರ ಪ್ಲಗ್, ಇಂಜೆಕ್ಟರ್, ಇಂಗಾಲದ ಪದರ ನೋಡಬೇಕು. ಸದ್ದಿದ್ದೂ ಯಾವುದೂ ಸರಿಯದಿದ್ದರೆ ಡೌನ್‌ಪೈಪ್ ಎಲ್ಲಾದರೂ ತಾಗುತ್ತಿದೆಯೇ ಎಂದು ಪರೀಕ್ಷಿಸಿ. ಇನ್ನೊಂದು ವಿಷಯ: ಸದ್ದು ಮೊದಲ ತಿರುವಿನಿಂದಲೇ ಬರುತ್ತದೆಯೇ, ಏಳೆಂಟು ತಿರುವು ಕಳೆದ ಮೇಲೆಯೇ? ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ನಿಧಾನವಾಗಿ ಹತ್ತುವಾಗ ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೊರಗಿನಿಂದ ಸಾಕಷ್ಟು ಗಾಳಿ ಸಿಗದೆ ಶಾಖ ತುಂಬಿಕೊಳ್ಳುತ್ತದೆ.

ಉತ್ತರ, ಕುಂದಾಪುರದಿಂದ:
ಎಂಜಿನ್ ಆಯಿಲ್ ಯಾವುದೆಂದೂ ನೋಡಿ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನುಗಳಲ್ಲಿ ಕಡಿಮೆ ವೇಗ, ಹೆಚ್ಚು ಭಾರದಲ್ಲಿ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಬೇರೆಯೇ ಒಂದು ತೊಂದರೆಯಿದೆ. ಅದು ಪಿಸ್ಟನ್ನನ್ನೇ ಒಡೆಯಬಲ್ಲದು. 2020ರಲ್ಲಿ ಬಂದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಪಿ ಎಂಬ ಆಯಿಲ್ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆಯಿದೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಸದ್ದು ಮೊದಲ ತಿರುವಿನಿಂದಲೇ ಇತ್ತು. ಲಾಗಿನಲ್ಲಿ ಎರಡನೇ ಸಿಲಿಂಡರಿನ ಕಿಡಿ 7 ಡಿಗ್ರಿ ಹಿಂದೆ ಸರಿದಿತ್ತು, ಉಳಿದವು 2 ಡಿಗ್ರಿ ಮೀರಿರಲಿಲ್ಲ. ಅದರ ಪ್ಲಗ್ ತೆಗೆದಾಗ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು ಕಂಡಿತು. ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತಿದಾಗಿನ ಒತ್ತಡ) ನಾಲ್ಕರಲ್ಲೂ ಸಮನಾಗಿದೆ. ಒಂದು ಹಂತ ತಂಪಾದ, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವ, ನಾಲ್ಕು ಹೊಸ ಪ್ಲಗ್ ಹಾಕಿಸಿ, ಎಸ್‌ಪಿ ಆಯಿಲ್ ತುಂಬಿಸಿ ಮತ್ತೆ ಘಾಟಿ ಹತ್ತಿದೆ. ಈಗ ಎರಡನೆಯದೂ 3 ಡಿಗ್ರಿಗೆ ಬಂದಿದೆ, ಸದ್ದಿಲ್ಲ. ಆ 3 ಡಿಗ್ರಿಯೂ ಮನಸ್ಸಿಗೆ ಒಪ್ಪದ ಕಾರಣ, 2,500ರ ಕೆಳಗಿನ ಬೂಸ್ಟನ್ನು ಇಳಿಸಿಕೊಡುವಂತೆ ಮ್ಯಾಪ್ ಮಾಡಿದವರಿಗೆ ಲಾಗ್ ಸಮೇತ ಬರೆದಿದ್ದೇನೆ.