ಮಗ ಡಿಫೆನ್ಸ್ ಚೆನ್ನಾಗಿ ಆಡ್ತಾನೆ, ಪಾಯಿಂಟ್ಸ್ ಮಾತ್ರ ಬರ್ತಿಲ್ಲ. ಎಷ್ಟು ದಿನ ಕಾಯ್ಬೇಕು?

ಕೇಳಿದವರು, ಮೈಸೂರು

ಎಲ್ರಿಗೂ ನಮಸ್ಕಾರ. ನನ್ನ ಮಗನಿಗೆ 14, ಒಂಬತ್ತನೇ ಕ್ಲಾಸು, ಬಾಸ್ಕೆಟ್‌ಬಾಲ್ ಅಂದ್ರೆ ಪ್ರಾಣ. ಡಿಫೆನ್ಸಲ್ಲಿ ಎತ್ತಿದ ಕೈ, ಎದುರಿನ ಟೀಮಲ್ಲಿ ಯಾರು ಜಾಸ್ತಿ ಸ್ಕೋರ್ ಮಾಡ್ತಾರೋ ಅವರ ಮೇಲೆ ಕೋಚ್ ಇವನನ್ನೇ ಬಿಡ್ತಾರೆ. ಆದ್ರೆ ಬಾಲ್ ಕೈಗೆ ಬಂತೋ, ರಿಂಗ್ ಕಡೆ ತಿರುಗಿಯೂ ನೋಡಲ್ಲ, ಪಕ್ಕದವನಿಗೆ ಕೊಟ್ಟು ಕೈ ತೊಳ್ಕೊಂಡುಬಿಡ್ತಾನೆ. ಮ್ಯಾಚ್ ಪೂರ್ತಿ ಆಡಿದ್ರೂ ಒಂದೋ ಎರಡೋ ಬಾಸ್ಕೆಟ್, ಎಷ್ಟೋ ಸಲ ಅದೂ ಇಲ್ಲ. ಕಳೆದ ವರ್ಷದಿಂದ ಸಿಕ್ಕಾಪಟ್ಟೆ ಎತ್ತರ ಆಗಿದಾನೆ, ಆದ್ರೆ ಶಾಟ್ ಮೊದಲಿಗಿಂತ ಕೆಟ್ಟಿದೆ ಅನ್ಸುತ್ತೆ. ಜೊತೇಲಿ ಸೇರಿದ ಹುಡುಗ್ರು ಆಗ್ಲೇ ಸ್ಟೇಟ್ ಸೆಲೆಕ್ಷನ್ ಮಾತಾಡ್ತಿದಾರೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಬಿಡಿಸಿಬಿಡಿ ಅಂತ ಮನೇಲಿ ಒಂದೇ ಸಮ. ಕೋಚ್ ಬದಲಾಯಿಸ್ಬೇಕಾ, ಪರ್ಸನಲ್ ಟ್ರೇನಿಂಗ್ ಹಾಕಿಸ್ಬೇಕಾ, ಸುಮ್ನೆ ಕಾಯ್ಬೇಕಾ? ಇದನ್ನ ದಾಟಿ ಬಂದೋರು ದಯವಿಟ್ಟು ಹೇಳಿ.

ಬೆಂಗಳೂರು, ಯೂನಿವರ್ಸಿಟಿ ಟೀಮಿಗೆ ಆಡಿದವನು

ಸರ್, ಎತ್ತರ ಆದ್ಮೇಲೆ ಶಾಟ್ ಕೆಟ್ಟಿತು ಅಂದ್ರಲ್ಲ, ಅದನ್ನೇ ಮೊದ್ಲು ತಗೋತೀನಿ. ಹುಡುಗ್ರು ಅತಿ ವೇಗವಾಗಿ ಬೆಳೆಯೋದು 13–14ರ ಆಸುಪಾಸಲ್ಲಿ, ಕೈಕಾಲು ಮುಂಚೆ ಉದ್ದ ಆಗಿಬಿಡುತ್ತೆ, ಅದಕ್ಕೆ ತಕ್ಕ ಬಲ ಆಮೇಲೆ ನಿಧಾನಕ್ಕೆ ಬರುತ್ತೆ, ಹಂಗಾಗಿ ಹೋದ ವರ್ಷ ಕೂತಿದ್ದ ಶಾಟ್ ಈ ವರ್ಷ ಅದೇ ಕೈಗೆ ಕೂರಲ್ಲ. ಸುಮಾರು ಅದೇ ಹೊತ್ತಿಗೆ ಬಾಲೂ ಬದಲಾಗುತ್ತೆ. ಸೈಜ್ 6 ಬಾಲಿನ ಸುತ್ತಳತೆ 28.5 ಇಂಚು, ಸೈಜ್ 7 ಅಂದ್ರೆ 29.5, ತೂಕಾನೂ ಜಾಸ್ತಿ. ರಿಂಗ್ ಮಾತ್ರ ದೊಡ್ಡೋರಿಗೆ ಇರೋ 3.05 ಮೀಟರಲ್ಲೇ ಇರುತ್ತೆ. ಭುಜಕ್ಕೆ ಬಲ ಸಾಲದ ಹುಡುಗ ಏನ್ಮಾಡ್ತಾನೆ, ಬಾಲನ್ನ ಹೊಟ್ಟೆ ಹತ್ರ ಇಳಿಸಿ ಎರಡು ಕೈಲೂ ತಳ್ತಾನೆ. ಒಂದೆರಡು ಬೀಳುತ್ತೆ, ಆ ತಪ್ಪು ಅಭ್ಯಾಸವೇ ಗಟ್ಟಿಯಾಗುತ್ತೆ. ಟಿವಿ ನೋಡಿ ಎಲ್ಲರಿಗೂ ತ್ರೀ ಪಾಯಿಂಟರ್ (ದೂರದ ಗೆರೆ ಆಚೆಯಿಂದ ಹಾಕೋ ಮೂರು ಪಾಯಿಂಟಿನ ಶಾಟ್) ಹುಚ್ಚು ಬೇರೆ, ಆ ಗೆರೆ ಇರೋದು 6.75 ಮೀಟರ್ ದೂರದಲ್ಲಿ. ಸದ್ಯಕ್ಕೆ ಅಲ್ಲಿಂದ ಹಾಕೋದೇ ಬೇಡ ಅನ್ನಿ. ರಿಂಗ್ ಹತ್ರ ನಿಂತು ಒಂದೇ ಕೈಲಿ, ಮೊಣಕೈ ಬಾಲಿನ ಕೆಳಗೆ ಬರೋ ಹಾಗೆ ಹಾಕ್ಲಿ, ಅಲ್ಲಿ ಸಲೀಸಾದ್ಮೇಲೆ ಒಂದು ಹೆಜ್ಜೆ ಹಿಂದೆ.

ಇನ್ನೊಂದು, ಡಿಫೆನ್ಸ್ ಬೇಗ ಬಂದು ಅಫೆನ್ಸ್ ತಡ ಆಗೋದು ತುಂಬಾ ಸಾಮಾನ್ಯ. ಡಿಫೆನ್ಸಲ್ಲಿ ಎದುರಿನವನು ಏನು ಮಾಡ್ತಾನೋ ಅದಕ್ಕೆ ನಾವು ಉತ್ತರ ಕೊಡೋದು, ಕಾಲು ಚುರುಕಿದ್ದು ಛಲ ಇದ್ರೆ ಮುಕ್ಕಾಲು ಪಾಲು ಆಯ್ತು. ಅಫೆನ್ಸಲ್ಲಿ ಬಾಲ್ ಸಂಭಾಳಿಸ್ತಾನೇ ತಲೆ ಎತ್ತಿ ನೋಡ್ಬೇಕು, ಯಾರು ಖಾಲಿ ಇದಾರೆ, ತಡೆಯೋಕೆ ಇನ್ನೊಬ್ಬ ಡಿಫೆಂಡರ್ ಎಲ್ಲಿಂದ ಬರ್ತಿದಾನೆ, ನುಗ್ಗೋದಾ ನಿಲ್ಲೋದಾ, ಎಲ್ಲಾ ಒಂದು ಸೆಕೆಂಡಲ್ಲಿ ತೀರ್ಮಾನ ಆಗ್ಬೇಕು, ಕೈ ಇನ್ನೂ ಬಾಲಿನ ಮೇಲೇ ಗಮನ ಕೇಳ್ತಿರೋವಾಗ ಕಣ್ಣಿಗೆ ಬಿಡುವೆಲ್ಲಿ.

ಹಾಗಾಗಿ ಸ್ಕೋರ್‌ಶೀಟ್ ನೋಡ್ಬೇಡಿ. ಪಾಸ್ ಬರೋವಾಗ ಮಂಡಿ ಬಗ್ಗಿಸಿ ರೆಡಿ ಇರ್ತಾನಾ, ಹಿಡಿದ ಕೂಡ್ಲೆ ರಿಂಗ್ ನೋಡ್ತಾನಾ, ಎಡಗಡೆಯಿಂದ ಹೋದಾಗ ಎಡಗೈಲೇ ಲೇಅಪ್, ಅಂದ್ರೆ ಓಡಿ ಹೋಗಿ ರಿಂಗ್ ಹತ್ರ ಜಿಗಿದು ಹಾಕೋ ಶಾಟ್, ಟ್ರೈ ಮಾಡ್ತಾನಾ (ಮಿಸ್ ಆದ್ರೂ ಪರ್ವಾಗಿಲ್ಲ), ಇವನ್ನ ನೋಡಿ. ಫ್ರೀ ಥ್ರೋ (ಫೌಲ್ ಆದಾಗ ಗೆರೆ ಹತ್ರ ನಿಂತು ಹಾಕೋ ಶಾಟ್) ಎಷ್ಟು ಬಿತ್ತು ಅಂತ ಬರೆದಿಡಿ, ಅಲ್ಲಿ ಅಡ್ಡ ಯಾರೂ ಇರಲ್ಲ, ಕೈ ಸುಧಾರಿಸ್ತಿದ್ಯಾ ಅಂತ ಸರಿಯಾಗಿ ಗೊತ್ತಾಗೋದು ಅಲ್ಲೇ. ಆರು ತಿಂಗಳಲ್ಲಿ ಇಷ್ಟರಲ್ಲಿ ಯಾವುದೂ ಅಲ್ಲಾಡದಿದ್ರೆ ಆಗ ಟ್ರೇನಿಂಗ್ ಬಗ್ಗೆ ಯೋಚನೆ ಮಾಡಿ.

ಮಂಗಳೂರು, ಆಟಗಾರ್ತಿಯ ಅಮ್ಮ

ನನ್ನ ಮಗಳದ್ದೂ ಇದೇ ಕಥೆ ಮಾರಾಯ್ರೆ. ಅವಳಿಗೆ ಶಾಟ್ ಬರ್ತಿರಲಿಲ್ಲ ಅಂತಲ್ಲ, ಮನೆ ಹತ್ರದ ಕೋರ್ಟಲ್ಲಿ ಒಬ್ಬಳೇ ಇದ್ರೆ ಚೆಂದ ಹಾಕ್ತಿದ್ಳು. ಮ್ಯಾಚಲ್ಲಿ ಅವಳು ಬಾಲ್ ಹಿಡಿದದ್ದೇ ತಡ, ಹೊರಗೆ ನಿಂತ ಅಪ್ಪ ಅಮ್ಮಂದಿರೆಲ್ಲ "ಹಾಕು, ಹಾಕು" ಅಂತ ಬೊಬ್ಬೆ, ಮಿಸ್ ಆದ್ರೆ "ಅಯ್ಯೋ". ಆ "ಅಯ್ಯೋ" ಮಕ್ಕಳಿಗೆ ಚೆಂದ ಕೇಳಿಸ್ತದೆ, ನಾವು ಕೇಳಿಸುದಿಲ್ಲ ಅಂತ ಎಣಿಸ್ತೇವೆ. ಮನೆಗೆ ಬಂದ್ರೆ ಅವಳ ಮಾವನ ಮೊದಲ ಪ್ರಶ್ನೆ ಎಷ್ಟು ಪಾಯಿಂಟ್ ಅಂತ. ಒಂದು ದಿನ ಅವಳೇ ತಿರುಗಿ ಕೇಳಿದ್ಳು, "ಅವರ ಕ್ಯಾಪ್ಟನಿಗೆ ನಾನು ಎಷ್ಟು ಪಾಯಿಂಟ್ ಬಿಟ್ಟುಕೊಟ್ಟೆ ಅಂತ ಒಬ್ಬರಾದ್ರೂ ಕೇಳ್ತೀರಾ?" ಅಂತ. ಮತ್ತೆ ನಮ್ಮ ಮನೆಯಲ್ಲಿ ಪಾಯಿಂಟ್ ಲೆಕ್ಕ ಕೇಳುದೇ ನಿಂತಿತು. ಅವಳು ಶಾಟ್ ತಗೊಳ್ಳಲಿಕ್ಕೆ ಶುರು ಮಾಡಿದ್ದು ಅದರ ನಂತರವೇ, ಅದೂ ಒಂದೇ ಸಲ ಅಲ್ಲ, ಎರಡು ಸೀಸನ್ ಹಿಡಿಯಿತು. ಈಗಲೂ ಅವಳು ಟೀಮಿನ ದೊಡ್ಡ ಸ್ಕೋರರ್ ಅಲ್ಲ, ಆದ್ರೆ ಖಾಲಿ ಸಿಕ್ಕಿದ್ರೆ ಹೆದರದೆ ಹಾಕ್ತಾಳೆ, ನನಗೆ ಅದೇ ದೊಡ್ಡದು. ನಿಮ್ಮ ಮಗನನ್ನು ಜೊತೆಯ ಹುಡುಗರಿಗೆ ಹೋಲಿಸ್ಲಿಕ್ಕೆ ಮಾತ್ರ ಹೋಗಬೇಡಿ ಆಯ್ತಾ.

ಚಿಕಾಗೋ, ಎನ್‌ಬಿಎ ನೋಡೋನು

ಎನ್‌ಬಿಎ ಅಂದ್ರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್, ಅಲ್ಲಿ ಆಡೋ ಕವಾಯ್ ಲೆನರ್ಡ್ ಬಗ್ಗೆ ನಿಮ್ಮ ಮಗನಿಗೆ ಹೇಳಿ ಸರ್. 2011ರ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) 15ನೇ ಆಯ್ಕೆ, ದೊಡ್ಡ ಕೈ, ಗಟ್ಟಿ ಡಿಫೆನ್ಸ್, ಕಾಲೇಜಲ್ಲಿ ಹಾಕಿದ ತ್ರೀಗಳಲ್ಲಿ ಮೂರನೇ ಒಂದು ಭಾಗವೂ ಬೀಳ್ತಿರಲಿಲ್ಲ. ಸ್ಯಾನ್ ಆಂಟೋನಿಯೋ ಸ್ಪರ್ಸ್ ಟೀಮಲ್ಲಿ ಚಿಪ್ ಎಂಗೆಲ್ಯಾಂಡ್ ಅನ್ನೋ ಶೂಟಿಂಗ್ ಕೋಚ್ ಕೈಗೆ ಸಿಕ್ಕ, ಬಾಲ್ ಬಿಡೋ ರೀತಿನೇ ತಿದ್ದಿದ್ರು. ಮೊದಲ ಸೀಸನ್ ಸರಾಸರಿ 7.9 ಪಾಯಿಂಟು, ಆಮೇಲೆ 11.9, 12.8, 16.5, ಐದನೇ ಸೀಸನ್ನಿಗೆ 21.2. ಇಷ್ಟು ಹೊತ್ತೂ ಅವನು ಟೀಮಲ್ಲಿ ಉಳಿದಿದ್ದು ಡಿಫೆನ್ಸಿಂದ, 2014ರಲ್ಲಿ ಫೈನಲ್ಸ್ ಎಂವಿಪಿ (ಅತ್ಯುತ್ತಮ ಆಟಗಾರ) ಆದಾಗ್ಲೂ ಇನ್ನೂ ದೊಡ್ಡ ಸ್ಕೋರರ್ ಆಗಿರಲಿಲ್ಲ. ಯಾನಿಸ್ ಅಂಟೆಟೊಕೌಂಪೋ ಕೂಡ 2013ರಲ್ಲಿ ಬಂದಾಗ 6.8 ಅಷ್ಟೇ, ಆಮೇಲೆ 2019, 2020 ಎರಡು ವರ್ಷ ಎಂವಿಪಿ. 2021ರ ಪ್ಲೇಆಫ್‌ನಲ್ಲಿ ಅವನು ಫ್ರೀ ಥ್ರೋ ಹಾಕೋಕೆ ನಿಂತ್ರೆ ಎದುರಾಳಿ ಪ್ರೇಕ್ಷಕರು ಒಂದು ಎರಡು ಮೂರು ಅಂತ ಜೋರಾಗಿ ಎಣಿಸ್ತಿದ್ರು, ಅಷ್ಟು ಹೊತ್ತು ತಗೊಂಡು ಒದ್ದಾಡ್ತಿದ್ದ, ಅದೇ ವರ್ಷದ ಫೈನಲ್ಸಿನ ಕೊನೆಯ ಮ್ಯಾಚಲ್ಲಿ 19ಕ್ಕೆ 17 ಹಾಕಿ 50 ಪಾಯಿಂಟ್ ಹೊಡೆದ.

ಆದ್ರೆ ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಿದ್ರೆ ಅದು ಸುಳ್ಳು. ಮೈಕೆಲ್ ಕಿಡ್-ಗಿಲ್‌ಕ್ರಿಸ್ಟ್ 2012ರಲ್ಲಿ ಎರಡನೇ ಆಯ್ಕೆ, ಒಳ್ಳೇ ಡಿಫೆಂಡರ್, ಶಾಟ್ ತಿದ್ದೋಕೆ ಎಷ್ಟು ಕಷ್ಟಪಟ್ರೂ ಕೊನೆಗೂ ಕೂರಲಿಲ್ಲ. ಇನ್ನೊಂದು ಕಡೆ ಬೆನ್ ವ್ಯಾಲೆಸ್ ಇದಾನೆ, ಡ್ರಾಫ್ಟಲ್ಲಿ ಯಾರೂ ತಗೊಳ್ಳಲಿಲ್ಲ, ಕರಿಯರ್ ಪೂರ್ತಿ ಸರಾಸರಿ 5.7 ಪಾಯಿಂಟ್, ವರ್ಷದ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ನಾಲ್ಕು ಸಲ, 2021ರಲ್ಲಿ ಹಾಲ್ ಆಫ್ ಫೇಮ್. ಡಿಫೆನ್ಸ್ ಬರೋ ಹುಡುಗನ್ನ ಅರ್ಧ ಆಟಗಾರ ಅಂತ ಯಾರಾದ್ರೂ ಅಂದ್ರೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಧಾರವಾಡ, ಸಾಲಿ ಪಿಟಿ ಮಾಸ್ತರ

ಎಲ್ಲಾರೂ ತಾಳ್ಮಿ ತಾಳ್ಮಿ ಅಂತ ಹೇಳಾಕತ್ತೀರಿ, ಖರೇ ಐತ್ರಿ, ಆದ್ರ ಕಾಯೂದು ಅಂದ್ರ ಕೈ ಕಟ್ಟಿ ಕುಂದ್ರೂದಲ್ಲ. ಆ ಹುಡುಗನ ಕೈಯಾಗ ಬಾಲ್ ಎಷ್ಟ ಹೊತ್ತ ಇರತೈತಿ ಅಂತ ಒಂದ ಪ್ರಾಕ್ಟೀಸ್ ಪೂರ್ತಿ ನಿಂತ ನೋಡ್ರಿ. ಭಾಳ ಕಡೆ ಐದ ಮಂದಿ ಆಡಿದ್ರ ಇಬ್ಬರ ಕೈಯಾಗ ಬಾಲ್, ಉಳದಾವ್ರು ಓಡೂದು, ಡಿಫೆನ್ಸ್ ಮಾಡೂದು ಅಷ್ಟ. ಹಿಂಗಾದ್ರ ಹತ್ತ ವರ್ಷ ಕಾದ್ರೂ ಏನೂ ಆಗೂದಿಲ್ರಿ.

ನಾ ಏನ್ ಮಾಡ್ತೀನಿ ಅಂದ್ರ ಮೂರ ಮಂದಿ ಮೂರ ಮಂದಿ ಹಚ್ಚಿ ಒಂದ ರಿಂಗಿಗೆ ಆಡಸ್ತೀನ್ರಿ. 3x3 ರೂಲ್ ಪ್ರಕಾರ 12 ಸೆಕೆಂಡಿನ್ಯಾಗ ಶಾಟ್ ಆಗಬೇಕು, ಮೂರೇ ಮಂದಿ, ಅಡಗಿ ನಿಂದ್ರಾಕ ಜಾಗಾನ ಇರೂದಿಲ್ಲ, ನಾಚಕಿ ಹುಡುಗೂರೂ ಒಂದ ಕೈ ನೋಡಾಕಬೇಕು. ಎಡಗೈ ಲೇಅಪ್ ಕಲಿಸೂದಿದ್ರ ಮೊದಲ ಬಾಲ್ ಇಲ್ಲದ ಬರೇ ಹೆಜ್ಜಿ, ಬಲಗಾಲು, ಎಡಗಾಲು, ಮತ್ತ ಬಲಗಾಲ್ಯಾಗ ಜಿಗಿಯೂದು, ಆಮ್ಯಾಲ ಬಾಲ್ ಕೊಟ್ಟು ಬೋರ್ಡಿನ ಮ್ಯಾಲಿನ ಚೌಕದ ಮೂಲಿ ತೋರಸ್ತೀನಿ, ರಿಂಗ್ ನೋಡಬ್ಯಾಡ, ಆ ಮೂಲಿಗೆ ಬಡಿ ಅಂತ.

ಕೋಚ್ ಬದಲ ಮಾಡೂ ಮದ್ಲ ಅವರನ್ನ ಮರ್ಯಾದಿಲೆ ಒಂದ ಮಾತ ಕೇಳ್ರಿ, "ಸರ್, ಈ ವರ್ಷ ಅಫೆನ್ಸ್ ಒಳಗ ಇವಂಗ ಯಾವ ಕೆಲಸ ಕೊಟ್ಟೀರಿ?" ಉತ್ತರ ಇದ್ರ ಅಲ್ಲೇ ಬಿಡ್ರಿ. ಉತ್ತರಾನ ಇಲ್ಲಂದ್ರ ಬ್ಯಾರೆ ಕಡೆ ನೋಡ್ರಿ.

ಕೇಳಿದವರು, ಮೈಸೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮಾಸ್ತರ್ ಹೇಳಿದ ಪ್ರಶ್ನೆನ ಕೋಚ್ ಹತ್ರ ಕೇಳಿದೆ. ಬೇಜಾರು ಮಾಡ್ಕೊಳ್ಳಲಿಲ್ಲ, ಕಾರ್ನರಿಂದ ಬೇಸ್‌ಲೈನ್ ಕಟ್ ಮಾಡೋದು (ಕೋರ್ಟಿನ ಮೂಲೆಯಿಂದ ರಿಂಗ್ ಹಿಂದಿನ ಗೆರೆ ಪಕ್ಕದಲ್ಲೇ ರಿಂಗ್ ಕಡೆ ಓಡೋದು), ಅಫೆನ್ಸಿವ್ ರಿಬೌಂಡ್ (ನಮ್ಮವರ ಶಾಟ್ ಮಿಸ್ ಆಗಿ ವಾಪಸ್ ಪುಟಿದ ಬಾಲ್) ಸಿಕ್ರೆ ಅಲ್ಲೇ ಜಿಗಿದು ಮತ್ತೆ ಹಾಕೋದು, ಎರಡೇ ಹೇಳಿದೀನಿ, ಉಳಿದಿದ್ದು ಆಮೇಲೆ ಅಂದ್ರು. ಮಗನನ್ನ ಕೇಳಿದ್ರೆ ಅವನಿಗೂ ಅದು ಗೊತ್ತಿದೆ, ಗೊತ್ತಿಲ್ದೆ ಇದ್ದಿದ್ದು ನಮಗೆ. ಕೋಚ್ ಬದಲಾಯಿಸಲ್ಲ. ಎಸ್‌ಎಸ್‌ಎಲ್‌ಸಿ ವರ್ಷ ಹೆಂಗೆ ನಿಭಾಯಿಸಿದ್ರಿ ಅಂತ ಯಾರಾದ್ರೂ ಹೇಳಿ.

ಬೆಂಗಳೂರು, ಯೂನಿವರ್ಸಿಟಿ ಟೀಮಿಗೆ ಆಡಿದವನು

ಆ ವರ್ಷ ದೂರದ ಟೂರ್ನಮೆಂಟ್ ಕಮ್ಮಿ ಮಾಡಿ ಸರ್, ಕೋರ್ಟ್ ಮಾತ್ರ ಬಿಡಿಸ್ಬೇಡಿ. ಟ್ಯೂಷನ್ನಿಗೆ ಮುಂಚೆ ಅರ್ಧ ಗಂಟೆ, ಹತ್ರದ ಶಾಟು ಮತ್ತೆ ಫ್ರೀ ಥ್ರೋ ಅಷ್ಟೇ ಸಾಕು, ಅದಕ್ಕೆ ಟೀಮೂ ಬೇಡ ಕೋಚೂ ಬೇಡ, ಬಾಲ್ ಹೆಕ್ಕಿ ಕೊಡೋಕೆ ನೀವೊಬ್ರು ಇದ್ರೆ ಆಯ್ತು. ಯೂತ್ ನ್ಯಾಷನಲ್ಸ್ 16ರ ಒಳಗಿನವರಿಗೆ, ಜೂನಿಯರ್ 18ರ ಒಳಗಿನವರಿಗೆ, ಪಿಯುಸಿಗೆ ಬಂದ್ಮೇಲೂ ಸೆಲೆಕ್ಷನ್ನಿಗೆ ನಿಲ್ಲೋಕೆ ಅವನಿಗೆ ಟೈಮ್ ಇದೆ.