ನೆರಳಿನ ಪಿಕ್ಸೆಲ್ 850ರಿಂದ 1900ಕ್ಕೆ ಏರಿದೆ, ಇದು ಮಬ್ಬೇನಾ?

ಪ್ರಶ್ನೆ
ಒಂದೇ ಕಾಡಿನ ಎರಡು ಸೆಂಟಿನೆಲ್-2 ಉಪಗ್ರಹ ಚಿತ್ರ ಹೋಲಿಸುತ್ತಿದ್ದೇನೆ. ಎರಡೂ ಎಲ್1ಸಿ, ಅಂದರೆ ಗಾಳಿಯ ಪರಿಣಾಮ ಇನ್ನೂ ತೆಗೆಯದವು. ಒಂದು 2021ರ ಮಾರ್ಚ್, ಇನ್ನೊಂದು 2023ರ ಮಾರ್ಚ್. ಗುಡ್ಡದ ದಟ್ಟ ನೆರಳಿನ ಜಾಗದಲ್ಲಿ ನೀಲಿ ಬ್ಯಾಂಡ್ ಮೊದಲು 850 ಇತ್ತು, ಈಗ 1900. ಕಾಡಿನ ಎನ್‌ಡಿವಿಐ (ಇನ್‌ಫ್ರಾರೆಡ್, ಕೆಂಪು ಬ್ಯಾಂಡ್‌ಗಳಿಂದ ಲೆಕ್ಕ ಹಾಕುವ ಹಸಿರಿನ ಸೂಚ್ಯಂಕ) 0.67ರಿಂದ 0.45ಕ್ಕೆ ಬಿದ್ದಿದೆ. ಯಾರೂ ಮರ ಕಡಿದಿಲ್ಲ. ನೆರಳು ಕಪ್ಪಗಿರಬೇಕು, ಅಲ್ಲಿ ಕಾಣುವ ಬೆಳಕೆಲ್ಲ ಗಾಳಿಯದ್ದು; ಆವತ್ತು ಮಬ್ಬು ಜಾಸ್ತಿ ಇತ್ತು ಅಂದುಕೊಂಡು ಇಡೀ ನೀಲಿ ಬ್ಯಾಂಡ್‌ನಿಂದ 1900 ಕಳೆದುಬಿಡಲಾ? ಚಿತ್ರ ಮಾತ್ರ ಕಣ್ಣಿಗೆ ತಿಳಿಯಾಗೇ ಇದೆ. ತಲೆ ಕೆಟ್ಟಿರುವುದೇ ಅದಕ್ಕೆ.

ಉತ್ತರ 1
ಅದೇ ಜಾಗದಲ್ಲಿ ಬ್ಯಾಂಡ್ 8 (ಇನ್‌ಫ್ರಾರೆಡ್) ಎಷ್ಟಿದೆ ಹೇಳಿ.

ಪ್ರಶ್ನೆ ಕೇಳಿದವರು
150 ಇದ್ದದ್ದು 1160 ಆಗಿದೆ.

ಉತ್ತರ 1
ಹಾಗಾದರೆ ಮಬ್ಬಲ್ಲ ಬಿಡಿ. ಗಾಳಿಯ ಅಣುಗಳು ಬೆಳಕು ಚದುರಿಸುವುದು ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿ. 490 ನ್ಯಾನೋಮೀಟರ್‌ನ ನೀಲಿಗೆ ಆಗುವ ಚದುರುವಿಕೆ 842ರ ಇನ್‌ಫ್ರಾರೆಡ್‌ಗಿಂತ ಸುಮಾರು 9 ಪಟ್ಟು. ಹೊಗೆ, ದೂಳು ಇದ್ದರೆ ಅಂತರ ಕಡಿಮೆಯಾಗುತ್ತದೆ, ಆದರೂ ಸಾಮಾನ್ಯವಾಗಿ ನೀಲಿಯೇ ಮುಂದಿರುತ್ತದೆ. ನಿಮ್ಮದರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಸಮ ಏರಿವೆ, ಸಾವಿರದಷ್ಟು!

2022ರ ಜನವರಿ 25ರಿಂದ, ಅಂದರೆ ಪ್ರೊಸೆಸಿಂಗ್ ಬೇಸ್‌ಲೈನ್ (ಚಿತ್ರ ಸಿದ್ಧಪಡಿಸುವ ವಿಧಾನದ ಆವೃತ್ತಿ) 04.00ರಿಂದ, ಎಲ್ಲ ಬ್ಯಾಂಡ್‌ಗೂ 1000 ಕೂಡಿಸಿ ಕೊಡುತ್ತಾರೆ. ಮೊದಲು ಅದನ್ನು ಕಳೆಯಿರಿ, ಆಮೇಲೆ 10000ದಿಂದ ಭಾಗಿಸಿ, ಪ್ರತಿಫಲನ ಸಿಗುತ್ತದೆ. ಎನ್‌ಡಿವಿಐ ಬಿದ್ದದ್ದೂ ಇದರಿಂದಲೇ: ಇನ್‌ಫ್ರಾರೆಡ್ 3500, ಕೆಂಪು 700 ಇದ್ದರೆ 0.67, ಎರಡಕ್ಕೂ 1000 ಸೇರಿಸಿದರೆ 0.45.

ನೀಲಿಯಲ್ಲಿ ಸುಮ್ನೆ 1900 ಕಳೆದಿದ್ದರೂ ಆ ಬ್ಯಾಂಡ್‌ನ ಲೆಕ್ಕ ಸರಿಹೋಗುತ್ತಿತ್ತು ಅನ್ನೋದೇ ತಮಾಷೆ. ಆದರೆ ವರದಿಯಲ್ಲಿ "ಮಬ್ಬು ದುಪ್ಪಟ್ಟು" ಅಂತ ಬರೆದಿರುತ್ತಿದ್ದಿರಿ.

ಉತ್ತರ 2
ತಾರೀಕು ನೋಡಿ ನಿರ್ಧರಿಸಬೇಡಿ. ಹಳೆಯ ಚಿತ್ರಗಳನ್ನೂ ಮತ್ತೆ ಪ್ರೊಸೆಸ್ ಮಾಡಿದ್ದಾರೆ, ಅವುಗಳಲ್ಲೂ ಈ 1000 ಇರುತ್ತದೆ. ಚಿತ್ರದ ಜೊತೆ ಬರುವ ಮೆಟಾಡೇಟಾದಲ್ಲಿ ಆಫ್‌ಸೆಟ್ -1000 (ಅಂದರೆ 1000 ಕಳೆಯಬೇಕು) ಅಂತ ಇದೆಯಾ ನೋಡಿ.

ಇನ್ನೊಂದು, ನೆರಳನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ನಾನು ಒಮ್ಮೆ ಕೆಸರು ನೀರಿನ ಕೆರೆಯನ್ನು ಕಪ್ಪು ಅಂತ ನಂಬಿ ಕೆಂಪು ಬ್ಯಾಂಡ್‌ನಲ್ಲಿ ವಿಪರೀತ ಕಳೆದುಬಿಟ್ಟಿದ್ದೆ. ಅರ್ಧ ಕಾಡು ಋಣಾತ್ಮಕ! ನೆರಳು ಕೂಡ ಪೂರ್ತಿ ಸೊನ್ನೆಯಲ್ಲ, 1% ಪ್ರತಿಫಲನ ಉಳಿಸುವುದು ರೂಢಿ. ಅಂದರೆ 100 ಕಡಿಮೆ ಕಳೆಯಿರಿ.

ಪ್ರಶ್ನೆ ಕೇಳಿದವರು
ಮೆಟಾಡೇಟಾದಲ್ಲಿ ಇದೆ, -1000! 2023ರ ನೀಲಿ 900, ಇನ್‌ಫ್ರಾರೆಡ್ 160 ಆಯಿತು. ಎರಡು ದಿನ ಇಲ್ಲದ ಮಬ್ಬು ಹುಡುಕಿದ್ದೆ. ಈಗ 800 ಕಳೆಯುತ್ತೇನೆ.